ಹೊಲಕ್ಕೆ ಏಳು ರಾತ್ರಿ ಕುರಿ ಮಂದೆ ಹಾಕ್ಸಿದ್ದೆ, ಅದರ ರಿವ್ಯೂ

ಏಪ್ರಿಲ್‌ನಲ್ಲಿ ಹೊಲಕ್ಕೆ ಕುರಿ ಮಂದೆ ಹಾಕ್ಸಿದಾಗಿಂದ, ಅಂದ್ರೆ ಗೊಬ್ಬರಕ್ಕೆ ಅಂತ ದುಡ್ಡು ಕೊಟ್ಟು ರಾತ್ರಿ ಹೊಲದಲ್ಲಿ ಕುರಿ ಮಲಗಿಸಿದಾಗಿಂದ, ಊರಲ್ಲಿ, ಕಾಲೇಜಲ್ಲಿ, ನೆಂಟರ ಮದುವೆಲಿ ಎಲ್ಲಾ ಕಡೆ ಅದೇ ಪ್ರಶ್ನೆ. ಎಷ್ಟಾಯ್ತು, ಹೆಂಗಾಯ್ತು, ನಾವೂ ಹಾಕ್ಸಬೋದಾ ಅಂತ. ಒಬ್ಬೊಬ್ಬರಿಗೂ ಹೇಳೋ ಬದಲು ಒಂದೇ ಕಡೆ ಬರೆದುಬಿಡ್ತೀನಿ. ಬರೀ ಬೆಳೆ ಲೆಕ್ಕ ಅಲ್ಲ, ಕುರಿ ಮೇದು ಮಲಗೆದ್ದ ಮಣ್ಣಿಂದ ಗಾಳಿಗೆ ಏನು ಹೋಗುತ್ತೆ ಅನ್ನೋದೂ ಇದೆ, ಯಾಕಂದ್ರೆ ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡೋನು, ಕುರಿ ಗಂಜಲದಲ್ಲಿರೋ ಯೂರಿಯಾ ಅಂದ ತಕ್ಷಣ ತಲೆ ಆ ಕಡೆ ಓಡುತ್ತೆ.

ನಮ್ಮದು ಹಿರಿಯೂರು ತಾಲ್ಲೂಕು. ಮೂರೂವರೆ ಎಕರೆ. ಎರಡು ಎಕರೆ ಕೆಂಪು ಮಣ್ಣಲ್ಲಿ ರಾಗಿ, ಶೇಂಗಾ. ಉಳಿದ ಒಂದೂವರೆ ಎಕರೆ ಇಳಿಜಾರು, ಕಲ್ಲು, ನಮ್ಮಪ್ಪನ ಕಾಲದಿಂದ ನೇಗಿಲು ಕಂಡಿಲ್ಲ, ಬರೀ ಹುಲ್ಲು ಬೀಳು, ಅದರ ಪಕ್ಕಕ್ಕೆ ಗೋಮಾಳ. ಮಳೆ ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು, ಅದೂ ಬಂದ್ರೆ ಬಂತು.

ಮಂದೆಯವರು ಶಿರಾ ಕಡೆಯವರು. ಯಜಮಾನ್ರಿಗೆ ಅರವತ್ತು ದಾಟಿದೆ, ಜೊತೆಗೆ ಮಗ, ಸೊಸೆ, ಎರಡು ನಾಯಿ, ಸಾಮಾನು ಹೊರೋಕೆ ಒಂದು ಟಾಟಾ ಏಸ್. ಕುರಿ ಮುನ್ನೂರು ಅಂತ ಮಾತು, ಮರಿ ಲೆಕ್ಕಕ್ಕಿಲ್ಲ. ರೇಟು ಕುರಿಗೆ ರಾತ್ರಿಗೆ ಎರಡು ರೂಪಾಯಿ, ಅಂದ್ರೆ ರಾತ್ರಿಗೆ ಆರುನೂರು, ಮೇಲೆ ಇಪ್ಪತ್ತು ಕೆಜಿ ರಾಗಿ, ಬೋರ್‌ವೆಲ್ ನೀರು. ಏಳು ರಾತ್ರಿಗೆ 4,200 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಬಿಸಿಲಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆದು ರಾತ್ರಿ ತೋಳ, ಕಳ್ಳರ ಕಾವಲು ಕಾಯೋರ ಹತ್ರ ಐವತ್ತು ರೂಪಾಯಿಗೆ ಎಳೆದಾಡೋಕೆ ನನಗೆ ಮನಸ್ಸು ಬರಲ್ಲ.

ಸರ್ವಿಸ್ ಹೆಂಗೆ ಅಂದ್ರೆ, ಸಾಯಂಕಾಲ ಐದೂವರೆ ಆರಕ್ಕೆ ಮಂದೆ ಬರೋಷ್ಟರಲ್ಲಿ ಸೊಸೆ ಆಗಲೇ ಬಿದಿರು ಗಳ ನೆಟ್ಟು ನೈಲಾನ್ ಬಲೆ ಕಟ್ಟಿರ್ತಾಳೆ. ಹಿಂದೆ ಜಾಲಿ ಮುಳ್ಳು ಕಡಿದು ರೊಪ್ಪ ಹಾಕ್ತಿದ್ರು, ಈಗ ಬಲೆ ಬಂದು ಕೆಲಸ ಅರ್ಧ ಗಂಟೆಗೆ ಮುಗಿಯುತ್ತೆ, ಬೆಳಗ್ಗೆ ಕಿತ್ತು ಪಕ್ಕಕ್ಕೆ ಹಾಕೋದೂ ಸಲೀಸು. ಒಂದು ರಾತ್ರಿಗೆ ಸುಮಾರು ಆರು ಗುಂಟೆ ಜಾಗ. ಮುನ್ನೂರು ಕುರಿ ಅಲ್ಲೇ ಮಲಗಿ ಮೆಲುಕು ಹಾಕಿ ಹಿಕ್ಕೆ ಗಂಜಲ ಹಾಕಿ ಬೆಳಗ್ಗೆ ಎದ್ದು ಹೋದ ಮೇಲೆ ನೋಡಿದ್ರೆ ನೆಲದ ಮೇಲೆ ಕಪ್ಪು ಮೆಣಸು ಚೆಲ್ಲಿದ ಹಾಗೆ ಹಿಕ್ಕೆ, ಅಲ್ಲಲ್ಲಿ ಗಂಜಲದ ಒದ್ದೆ ಗುರುತು ಅಂಗೈ ಅಗಲ, ಎರಡಂಗೈ ಅಗಲ. ಮೊದಲನೇ ದಿನ ಬೆಳಗ್ಗೆ ಆರೂವರೆಗೆ ಹೋಗಿ ಆ ಗುರುತಿನ ಹತ್ರ ಮಂಡಿಯೂರಿ ಮೂಗು ಒಡ್ಡಿದೆ, ಕಣ್ಣಲ್ಲಿ ನೀರು ಬಂತು. ಅಮೋನಿಯಾ. ಲ್ಯಾಬಲ್ಲಿ ಬಾಟಲ್ ಮುಚ್ಚಳ ತೆಗೆದಾಗ ಬರೋ ಅದೇ ವಾಸನೆ.

ಅದೇ ನಮ್ಮ ದುಡ್ಡು ಗಾಳಿಗೆ ಹೋಗ್ತಿರೋ ವಾಸನೆ ಅಂತ ತಿಳ್ಕೊಳಿ. ಗಂಜಲದಲ್ಲಿರೋದು ಹೆಚ್ಚಿನ ಪಾಲು ಯೂರಿಯಾನೇ, ಅಂಗಡೀಲಿ ಸಿಗೋ ಅದೇ ಯೂರಿಯಾ. ಮಣ್ಣಿಗೆ ಬಿದ್ದ ಕೆಲವೇ ಗಂಟೇಲಿ ಅಮೋನಿಯಾ ಆಗೋಕೆ ಶುರುವಾಗುತ್ತೆ, ಬಿಸಿಲು ಜೋರಿದ್ರೆ ಒಂದಷ್ಟು ಹಾರಿಹೋಗುತ್ತೆ. ಉಳಿದಿದ್ದನ್ನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತೆ, ಅದನ್ನೇ ಬೆಳೆ ಕುಡಿಯೋದು. ತೊಂದರೆ ಇರೋದು ಆಮೇಲೆ. ಮಣ್ಣು ಒದ್ದೆಯಾಗಿ, ಕಣಕಣದ ಮಧ್ಯೆ ಇರೋ ಸಂದೀಲಿ ಮುಕ್ಕಾಲು ಪಾಲು ನೀರೇ ತುಂಬಿಕೊಂಡ್ರೆ ಗಾಳಿ ಆಡಲ್ಲ, ಆಗ ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಉಸಿರಾಡೋಕೆ ಆಮ್ಲಜನಕದ ಬದಲು ಆ ನೈಟ್ರೇಟನ್ನೇ ಹಿಡಿದು ನೈಟ್ರಸ್ ಆಕ್ಸೈಡ್ ಬಿಡುತ್ತೆ. ಭೂಮಿ ಬಿಸಿ ಮಾಡೋದರಲ್ಲಿ ಈ ಅನಿಲ ಒಂದು ಕೆಜಿ ಅಂದ್ರೆ ನೂರು ವರ್ಷದ ಲೆಕ್ಕದಲ್ಲಿ 273 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಮೀಥೇನ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅದು 27ರ ಆಸುಪಾಸು. ಇದರ ಬಗ್ಗೆ ಮಾತಾಡೋರೇ ಕಮ್ಮಿ.

ಲೆಕ್ಕ ಹಾಕಿ ನೋಡಿದೆ. ಐಪಿಸಿಸಿ ಅಂದ್ರೆ ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ, ಅವರು ನಮ್ಮಂಥ ದೇಶಗಳ ಕುರಿಗೆ ವರ್ಷಕ್ಕೆ 5 ಕೆಜಿ ಮೀಥೇನ್ ಅಂತ ಇಟ್ಟಿದ್ದಾರೆ, ಅದು ತೇಗಿನ ಮೂಲಕ ಬಾಯಿಂದ ಬರೋದು. ಮುನ್ನೂರು ಕುರಿ, ಏಳು ದಿನ ಅಂದ್ರೆ ಸುಮಾರು 29 ಕೆಜಿ ಮೀಥೇನ್, ಕಾರ್ಬನ್ ಡೈಆಕ್ಸೈಡಿಗೆ ತಿರುಗಿಸಿದ್ರೆ 780 ಕೆಜಿ ಹತ್ರ. ಇನ್ನು ಮಣ್ಣು. ರಾತ್ರಿಗೆ ಮಂದೆ ಬಿಡೋ ಸಾರಜನಕ ಹೆಚ್ಚುಕಮ್ಮಿ 5 ಕೆಜಿ ಅಂತ ಇಟ್ಕೊಂಡೆ, ಏಳು ರಾತ್ರಿಗೆ 34, 35. ಕುರಿ ಗಂಜಲ ಹಿಕ್ಕೆಯ ಸಾರಜನಕದಲ್ಲಿ ನೈಟ್ರಸ್ ಆಕ್ಸೈಡಾಗಿ ಹೋಗೋದು ಐಪಿಸಿಸಿಯ 2006ರ ಲೆಕ್ಕದ ಪ್ರಕಾರ ನೂರಕ್ಕೆ 1 ಪಾಲು, 2019ರಲ್ಲಿ ಅದನ್ನ 0.3ಕ್ಕೆ ಇಳಿಸಿದ್ರು. ಹೊಸ ಲೆಕ್ಕದಲ್ಲಿ ನನ್ನ ಹೊಲದ್ದು 45 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ, ಹಳೇದರಲ್ಲಿ 150 ಹತ್ರ.

ಯಾವ ಲೆಕ್ಕ ತಗೊಂಡ್ರೂ ಬಾಯಿಂದ ಬರೋದೇ ಜಾಸ್ತಿ. ಆದ್ರೆ ಆ ಕುರಿ ನಮ್ಮ ಹೊಲದಲ್ಲಿ ಮಲಗಲಿ, ಪಕ್ಕದ ಹೊಲದಲ್ಲಿ ಮಲಗಲಿ, ತೇಗು ಅಷ್ಟೇ. ರಾಜ್ಯದಲ್ಲಿ 2019ರ ಜಾನುವಾರು ಗಣತಿ ಪ್ರಕಾರ ಕುರಿ ಒಂದು ಕೋಟಿ ಹತ್ತು ಲಕ್ಷ ಇವೆ, ಅವೆಲ್ಲ ಎಲ್ಲೋ ಒಂದು ಕಡೆ ತೇಗ್ತಾನೇ ಇರ್ತವೆ. ಮಂದೆ ಹಾಕ್ಸಿದ ರೈತನ ಕೈಲಿರೋದು ಮಣ್ಣಿಂದ ಹೋಗೋ ಆ 45ರ ಲೆಕ್ಕ ಮಾತ್ರ, ಅದು 20 ಆಗಬೇಕಾ 200 ಆಗಬೇಕಾ ಅನ್ನೋದು ಕುರಿ ಎಲ್ಲಿ ಮಲಗಿತು, ಎಷ್ಟು ರಾತ್ರಿ ಮಲಗಿತು, ಆಗ ನೆಲ ಒಣಗಿತ್ತಾ ಒದ್ದೆ ಇತ್ತಾ ಅನ್ನೋದರ ಮೇಲೆ ನಿಂತಿದೆ.

ಮೊದಲ ನಾಲ್ಕು ರಾತ್ರಿ ಫಸ್ಟ್ ಕ್ಲಾಸ್. ದಿನಾ ಜಾಗ ಬದಲು, ಒಟ್ಟು 24 ಗುಂಟೆ ಆಯ್ತು. ನೆಲ ಒಣಗಿ ಬಿರುಸಾಗಿತ್ತು. ಯಜಮಾನ್ರು ಮೊದಲನೇ ದಿನವೇ ಹೇಳಿದ್ರು, "ಮೇಷ್ಟ್ರೆ, ಮಂದೆ ಎದ್ದ ಮೇಲೆ ಕಾಫಿ ಕುಡ್ಕೊಂಡು ಕೂತ್ಕೋಬ್ಯಾಡಿ, ಬಿಸಿಲು ಏರೋದ್ರೊಳಗೆ ಕುಂಟೆ ಹೊಡೆಸಿ, ಇಲ್ಲಾಂದ್ರೆ ಸತ್ವ ಬಿಸಿಲಿಗೆ ಹೋಯ್ತದೆ." ನಾನು ಮಕ್ಕಳಿಗೆ ಬೋರ್ಡ್ ಮೇಲೆ ಈಕ್ವೇಷನ್ ಬರೆದು ಹೇಳೋದನ್ನ ಅವರು ಒಂದೇ ಮಾತಲ್ಲಿ ಹೇಳಿದ್ರು. ನಾಲ್ಕೂ ದಿನ ಎಂಟು ಗಂಟೆ ಒಳಗೆ ಎತ್ತು ಕಟ್ಟಿ ಕುಂಟೆ ಹೊಡೆಸಿದೆ, ಮೇಲೆ ಎರಡಿಂಚು ಮಣ್ಣು ಮುಚ್ಚಿದ್ರೆ ಆ ವಾಸನೆ ಸುಮಾರು ನಿಂತುಹೋಗುತ್ತೆ. ಮಣ್ಣಿಗೆ ಸೇರಿಸಿದ ಸಾರಜನಕ ಆಮೇಲೆ ಮಳೆ ಬಂದಾಗ ನೈಟ್ರಸ್ ಆಕ್ಸೈಡಾಗೋ ಅವಕಾಶ ಸ್ವಲ್ಪ ಜಾಸ್ತಿ ಆಗಬೋದು ಅನ್ನೋದೂ ನಿಜ. ಆದ್ರೆ ಹಾರಿಹೋದ ಅಮೋನಿಯಾ ಎಲ್ಲೋ ಹೋಗಿ ಮಾಯ ಆಗಲ್ಲ, ಇನ್ನೊಬ್ಬರ ಹೊಲಕ್ಕೋ ಕೆರೆಗೋ ಬಿದ್ದು ಅಲ್ಲೂ ಒಂದಷ್ಟು ಅದೇ ಅನಿಲ ಆಗುತ್ತೆ. ಬೆಳೆ ಬಾಯಿಗೆ ಸಿಗೋ ದಾರೀನೇ ಒಳ್ಳೇದು.

ಐದನೇ ದಿನ ಸಾಯಂಕಾಲ ಅಶ್ವಿನಿ ಮಳೆ ಬಂತು. ಗುಡುಗು, ಆಲಿಕಲ್ಲು, ಮುಕ್ಕಾಲು ಗಂಟೆ ಚೆನ್ನಾಗಿ ಹೊಡೀತು. ಕೆಂಪು ಮಣ್ಣು ಕೆಸರಾಯ್ತು, ಕಾಲಿಟ್ರೆ ಚಪ್ಪಲಿ ಅಲ್ಲೇ. ಯಜಮಾನ್ರ ಮಗ ಬಂದು, "ಅಣ್ಣ, ಇಲ್ಲಿ ಕುರಿ ನಿಲ್ಲಲ್ಲ, ಗೊರಸು ಕೊಳೀತವೆ, ಮ್ಯಾಲಕ್ಕೆ ಹುಲ್ಲಿನ ಬೀಳಿಗೆ ಏರಿಸ್ತೀವಿ" ಅಂದ. ನಾನು ಹೂಂ ಅಂದೆ. ಆ ರಾತ್ರಿ ಎರಡು ಕುರಿ ಈದವು, ಮರಿ ನೆನೆದು ನಡುಗ್ತಿದ್ವು, ಬಲೆ ಕೀಳೋ ಮನಸ್ಸು ಅವರಿಗೂ ಇರಲಿಲ್ಲ, ಕೀಳಿ ಅನ್ನೋ ಮನಸ್ಸು ನನಗೂ ಬರಲಿಲ್ಲ. ಹಂಗಾಗಿ ಐದು, ಆರು, ಏಳು, ಮೂರೂ ರಾತ್ರಿ ಒಂದೇ ಜಾಗ. ಅದೂ ಒದ್ದೆ ಹುಲ್ಲುನೆಲ.

ಇದೇ ಈ ರಿವ್ಯೂನಲ್ಲಿ ನಾನು ಮಾರ್ಕ್ಸ್ ಕಟ್ ಮಾಡ್ತಿರೋ ಜಾಗ. ಮಾತಾಡೋವಾಗ "ದಿನಾ ಜಾಗ ಬದಲಾಯಿಸ್ತೀವಿ" ಅಂತಲೇ ಮಾತು ಆಗಿದ್ದು. ಮಳೆ ಬಂದ್ರೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂರು ರಾತ್ರಿ ಆರೇ ಗುಂಟೆ ಜಾಗಕ್ಕೆ 15 ಕೆಜಿ ಸಾರಜನಕ ಬಿತ್ತು ಅಂದ್ರೆ ಎಕರೆ ಲೆಕ್ಕಕ್ಕೆ 100 ಕೆಜಿ. ಮಳೆಯಾಶ್ರಿತ ರಾಗಿಗೆ ಕೃಷಿ ವಿವಿಯವರು ಹೇಳೋದು ಎಕರೆಗೆ 20 ಕೆಜಿ. ಇನ್ನು ಆ ಬೀಳಿನ ಹುಲ್ಲು ಏಪ್ರಿಲ್‌ನಲ್ಲಿ ಒಣಗಿ ನಿಂತಿರುತ್ತೆ, ಬೇರು ಏನನ್ನೂ ಎಳ್ಕೊಳ್ಳಲ್ಲ. ನೆಲ ಒದ್ದೆ, ನೈಟ್ರೇಟ್ ಧಾರಾಳ, ಕುಡಿಯೋರು ಯಾರೂ ಇಲ್ಲ, ನೈಟ್ರಸ್ ಆಕ್ಸೈಡ್ ಮಾಡೋ ಬ್ಯಾಕ್ಟೀರಿಯಾಗೆ ಇದಕ್ಕಿಂತ ಏನು ಬೇಕು. ಅದೂ ತಿಂಗಳುಗಟ್ಟಲೆ ಒಣಗಿದ್ದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಮಣ್ಣೊಳಗಿನ ಜೀವ ಎಲ್ಲಾ ಒಟ್ಟಿಗೆ ಎದ್ದು ಕಾರ್ಬನ್ ಡೈಆಕ್ಸೈಡ್, ನೈಟ್ರಸ್ ಆಕ್ಸೈಡ್ ಎರಡನ್ನೂ ಒಂದೇ ಸಲ ಭರ್ರಂತ ಬಿಡುತ್ತೆ, ವರ್ಷದಲ್ಲಿ ಬರೋ ಅನಿಲದಲ್ಲಿ ದೊಡ್ಡ ಪಾಲು ಇಂಥ ಕೆಲವೇ ದಿನಗಳಲ್ಲಿ ಹೋಗಿಬಿಡಬೋದು. ಸರಿಯಾಗಿ ಅದೇ ದಿನಗಳಲ್ಲಿ ನಾನು ಅಲ್ಲಿ ಮುನ್ನೂರು ಕುರಿ ಮಲಗಿಸಿದ್ದೆ.

ಅನಿಲ ಅಳೆಯೋಕೆ ಮಣ್ಣಿನ ಮೇಲೆ ಡಬ್ಬ ಬೋರಲು ಹಾಕಿ ಸಿರಿಂಜಲ್ಲಿ ಗಾಳಿ ಎಳೆದು ಲ್ಯಾಬಿಗೆ ಕಳಿಸಬೇಕು, ಅದು ನಮ್ಮಂಥವರ ಕೆಲಸ ಅಲ್ಲ. ನಾನು ಅಳೆದಿದ್ದು ನೀರು. ಆರಿಂಚಿನ ಪಿವಿಸಿ ಪೈಪ್ ಒಂದಡಿ ತುಂಡು ಮಾಡಿ ನೆಲಕ್ಕೆ ಎರಡಿಂಚು ಬಡಿದು ಒಂದು ಲೀಟರ್ ನೀರು ಹಾಕಿ ಮೊಬೈಲಲ್ಲಿ ಟೈಮ್ ನೋಡಿದೆ. ಕುರಿ ಮಲಗದ ಹುಲ್ಲಲ್ಲಿ ನಾಲ್ಕು ನಿಮಿಷಕ್ಕೆ ನೀರು ಇಂಗಿತು. ಮೂರು ರಾತ್ರಿ ಮಲಗಿದ ಜಾಗದಲ್ಲಿ ಇಪ್ಪತ್ತಾರು ನಿಮಿಷ. ಮೂರು ಕಡೆ ಹಾಕಿ ನೋಡಿದೆ, ಒಂದೆರಡು ನಿಮಿಷ ಆಚೀಚೆ ಅಷ್ಟೇ. ಮುನ್ನೂರು ಕುರಿ ಅಂದ್ರೆ 1,200 ಗೊರಸು, ಒದ್ದೆ ಮಣ್ಣನ್ನ ಗಾರೆ ಕುಟ್ಟಿದ ಹಾಗೆ ಕುಟ್ಟಿಬಿಟ್ಟಿವೆ. ಇದರಿಂದ ಎರಡು ನಷ್ಟ. ನೀರು ನಿಂತು ಗಾಳಿ ಆಡದೆ ಆಗಲೇ ಹೇಳಿದ ಅನಿಲ ಜಾಸ್ತಿ ಆಗುತ್ತೆ. ಇನ್ನೊಂದು, ಒಣ ಹುಲ್ಲುಗಾವಲ ಮಣ್ಣಲ್ಲಿ ಗಾಳೀಲಿರೋ ಮೀಥೇನನ್ನ ತಿಂದು ಬದುಕೋ ಬ್ಯಾಕ್ಟೀರಿಯಾ ಇರ್ತವೆ, ಪ್ರಪಂಚದಲ್ಲಿ ಇಂಥ ಒಣ ಮಣ್ಣೆಲ್ಲಾ ಸೇರಿ ವರ್ಷಕ್ಕೆ ಸುಮಾರು 3 ಕೋಟಿ ಟನ್ ಮೀಥೇನ್ ಹೀರ್ಕೊಳ್ತವೆ. ಮಣ್ಣು ಗಟ್ಟಿಯಾಗಿ ಗಾಳಿ ಒಳಗೆ ಇಳಿಯದಿದ್ರೆ, ಮೇಲೆ ಅಮೋನಿಯಾ ಬೇರೆ ಜಾಸ್ತಿ ಆದ್ರೆ, ಆ ಬ್ಯಾಕ್ಟೀರಿಯಾ ಕೆಲಸ ಕುಂಠಿತ ಆಗುತ್ತೆ. ಬಾಯಿಂದ ಬಿಟ್ಟ ಮೀಥೇನಲ್ಲಿ ಒಂದು ಚೂರನ್ನಾದ್ರೂ ಮಣ್ಣು ವಾಪಸ್ ತಗೊಳ್ತಿತ್ತು, ಆ ಬಾಗಿಲನ್ನೂ ಮುಚ್ಚಿದ ಹಾಗಾಯ್ತು.

ಹಂಗಂತ ಹುಲ್ಲುಗಾವಲಿಗೆ ಕುರಿ ಬಿಡೋದೇ ತಪ್ಪು ಅಂತ ಯಾರಾದ್ರೂ ಓದ್ಕೊಂಡ್ರೆ ಅದು ಸರಿಯಲ್ಲ. ಮೇಯೋದು ಬೇರೆ, ಒಂದೇ ಜಾಗದಲ್ಲಿ ಕೂಡಿಹಾಕೋದು ಬೇರೆ. ಒಳ ಮಂಗೋಲಿಯಾದ ಹುಲ್ಲುಗಾವಲಲ್ಲಿ ಅಳೆದು 2010ರಲ್ಲಿ ಪ್ರಕಟ ಮಾಡಿದ್ದು ನನಗೆ ಬಹಳ ಹಿಡಿಸಿದ ಕೆಲಸ. ಅಲ್ಲಿ ಕುರಿ ಮೇಯದೆ ಬಿಟ್ಟ ಕಡೆ ಎತ್ತರದ ಹುಲ್ಲು ಚಳಿಗಾಲದ ಹಿಮ ಹಿಡಿದಿಟ್ಟು ಮಣ್ಣಿಗೆ ಕಂಬಳಿ ಹೊದಿಸಿದ ಹಾಗೆ ಆಗಿ, ವಸಂತದಲ್ಲಿ ಹಿಮ ಕರಗುವಾಗ ನೈಟ್ರಸ್ ಆಕ್ಸೈಡ್ ಭಾರಿ ಪ್ರಮಾಣದಲ್ಲಿ ಬರ್ತಿತ್ತು, ಮೇದ ಕಡೆ ಹುಲ್ಲು ಗಿಡ್ಡ, ಹಿಮ ಕಮ್ಮಿ, ಅನಿಲವೂ ಕಮ್ಮಿ. ಮೇಯಿಸಿದ್ರೇ ಕಮ್ಮಿ! ನಮ್ಮಲ್ಲಿ ಹಿಮ ಇಲ್ಲ ನಿಜ, ಅಲ್ಲಿ ಹಿಮ ಕರಗೋ ವಾರ ಹೆಂಗೋ ಇಲ್ಲಿ ಅಶ್ವಿನಿ ಭರಣಿ ಮಳೆ ಬೀಳೋ ವಾರ ಹಂಗೆ.

ಇನ್ನೊಂದು ನಮ್ಮ ಬೆಂಗಳೂರಿನ ಐಐಎಸ್‌ಸಿಯವರದ್ದೇ. ಹಿಮಾಲಯದ ಸ್ಪಿತಿಯಲ್ಲಿ ಒಂದಷ್ಟು ಹುಲ್ಲುನೆಲಕ್ಕೆ ಬೇಲಿ ಹಾಕಿ ಪ್ರಾಣಿ ಬಿಡದೆ, ಪಕ್ಕದಲ್ಲೇ ಮೇಯೋಕೆ ಬಿಟ್ಟು, 16 ವರ್ಷ ಮಣ್ಣು ಪರೀಕ್ಷೆ ಮಾಡಿದ್ರು. ಬೇಲಿ ಒಳಗೆ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಏರಿಳಿಯೋದು ಶೇಕಡ 30ರಿಂದ 40ರಷ್ಟು ಜಾಸ್ತಿ, ಮೇಯೋ ಕಡೆ ಸ್ಥಿರ. ಅದೇ ತಂಡ ಆಮೇಲೆ ಕಾಡುಪ್ರಾಣಿ ಮೇಯೋ ಜಾಗಕ್ಕೂ ಸಾಕುಪ್ರಾಣಿ ಮೇಯೋ ಜಾಗಕ್ಕೂ ಹೋಲಿಸಿದಾಗ ಸಾಕುಪ್ರಾಣಿ ಕಡೆ ಮಣ್ಣಲ್ಲಿ ಇಂಗಾಲ ಕಮ್ಮಿ ಸಿಕ್ತು, ದನಕರುಗಳಿಗೆ ಕೊಡೋ ಟೆಟ್ರಾಸೈಕ್ಲಿನ್ ಥರದ ಆಂಟಿಬಯೋಟಿಕ್ ಸಗಣಿ ಗಂಜಲದ ಮೂಲಕ ಮಣ್ಣಿಗೆ ಸೇರಿ ಸೂಕ್ಷ್ಮಜೀವಿಗಳ ಕೆಲಸ ಕೆಡಿಸೋದು ಅದಕ್ಕೊಂದು ಕಾರಣ ಇರಬೋದು ಅಂದ್ರು. ಇದನ್ನ ಓದಿದ್ದೆ ಅಂತಲೇ ಯಜಮಾನ್ರನ್ನ ಮೊದಲೇ ಕೇಳಿದ್ದೆ, ಅಜ್ಜಾ ಈಚೆಗೆ ಇಂಜೆಕ್ಷನ್ ಏನಾದ್ರೂ ಕೊಡ್ಸಿದೀರಾ ಅಂತ. "ಯುಗಾದಿ ಮುಂಚೆ ಜಂತಿನ ಔಷಧಿ ಕುಡಿಸಿದ್ದು ಅಷ್ಟೇಯ" ಅಂದ್ರು. ನೀವೂ ಕೇಳಿ. ಐವರ್ಮೆಕ್ಟಿನ್ ಆದ್ರೆ ಸಗಣಿ ಹುಳಕ್ಕೂ ಒಳ್ಳೇದಲ್ಲ, ಕೊಟ್ಟು ಎರಡು ಮೂರು ವಾರ ಆಗಿದ್ರೆ ವಾಸಿ.

ನಮ್ಮ ಪಕ್ಕದ ಗೋಮಾಳದ್ದು ಮಾತ್ರ ಬೇರೆ ಕತೆ. ವರ್ಷವಿಡೀ ಊರ ದನ, ಮೇಕೆ ಎಲ್ಲಾ ಅಲ್ಲೇ, ಹುಲ್ಲಿಗೆ ಒಂದು ವಾರ ಬಿಡುವಿಲ್ಲ. ಹುಲ್ಲಿನ ಬೇರೇ ಇಲ್ಲದ ಮೇಲೆ ಮಣ್ಣಲ್ಲಿ ಇಂಗಾಲ ಎಲ್ಲಿಂದ ನಿಲ್ಲುತ್ತೆ, ಬರೀ ಗೊರಜು ಕಲ್ಲು ಎದ್ದು ಕಾಣ್ತಿದೆ. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲು, ಅಂದ್ರೆ ಅಮೃತಮಹಲ್ ದನಗಳಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲು, ಹತ್ತು ಸಾವಿರ ಎಕರೆ ಹತ್ರ ಬೇರೆ ಬೇರೆ ಸಂಸ್ಥೆಗಳಿಗೆ ಹೋದ ಮೇಲೆ ಮಂದೆಗಳಿಗೆ ಅಲೆಯೋ ಜಾಗ ಇನ್ನೂ ಕಮ್ಮಿ ಆಗಿದೆ. ಜಾಗ ಕಮ್ಮಿ ಆದಷ್ಟೂ ಅದೇ ಕುರಿ ಅದೇ ನೆಲವನ್ನ ಮತ್ತೆ ಮತ್ತೆ ತುಳಿಯುತ್ತೆ. ಇದರಲ್ಲಿ ಕುರಿಗಾಹಿಗಳನ್ನ ಬೈಯೋದು ನ್ಯಾಯ ಅಲ್ಲ.

ನಡುವೆ ಒಂದು ಕಂಪನಿಯ ಏಜೆಂಟ್ ಬಂದಿದ್ದ, ಹೆಸರು ಬೇಡ. ನಿಮ್ಮ ಬೀಳಲ್ಲಿ ಕುರಿ ಮೇಯಿಸಿ, ಮಣ್ಣಿಗೆ ಕಾರ್ಬನ್ ಸೇರುತ್ತೆ, ಆ ಸೇರಿದ ಕಾರ್ಬನ್ ಲೆಕ್ಕಾನ ಕ್ರೆಡಿಟ್ ಅಂತ ಮಾರಿ ಎಕರೆಗೆ ಇಷ್ಟು ಕೊಡ್ತೀವಿ, ಇಪ್ಪತ್ತು ವರ್ಷಕ್ಕೆ ಸೈನ್ ಹಾಕಿ ಅಂದ. ಕುರಿ ಬಿಡೋ ಮೀಥೇನು ನೈಟ್ರಸ್ ಆಕ್ಸೈಡು ನಿಮ್ಮ ಲೆಕ್ಕದಲ್ಲಿ ಎಲ್ಲಿದೆ ಅಂತ ಕೇಳಿದೆ, ಫೈಲ್ ತಿರುಗಿಸಿ ತಿರುಗಿಸಿ ಇಟ್ಟ. ಆಕ್ಸ್‌ಫರ್ಡಿನ ಸಂಶೋಧಕರು 2017ರಲ್ಲಿ ಎಲ್ಲಾ ಕೂಡಿಸಿ ಕಳೆದು ಹೇಳಿದ್ದು, ಚೆನ್ನಾಗಿ ಮೇಯಿಸಿದ್ರೂ ಮಣ್ಣಲ್ಲಿ ಸೇರೋ ಇಂಗಾಲ ಆ ಪ್ರಾಣಿಗಳು ಬಿಡೋ ಅನಿಲದಲ್ಲಿ 20ರಿಂದ 60 ಶೇಕಡದಷ್ಟನ್ನ ಮಾತ್ರ ಸರಿದೂಗಿಸಬೋದು, ಅದೂ ಕೆಲವು ದಶಕಕ್ಕೆ ಮಣ್ಣು ತುಂಬಿ ನಿಂತುಹೋಗುತ್ತೆ ಅಂತ. ನಾನು ಸೈನ್ ಹಾಕಲಿಲ್ಲ. ನಮ್ಮೂರಲ್ಲಿ ಇಬ್ಬರು ಹಾಕಿದ್ದಾರೆ, ಕಾಗದ ಇಂಗ್ಲಿಷಲ್ಲಿದೆ, ಅವರಿಗೆ ಓದಿ ಹೇಳಿದವರಿಲ್ಲ. ಅದು ನನಗೆ ಬಹಳ ಬೇಜಾರಾದ ವಿಷಯ.

ಈಗ ಫಲಿತಾಂಶಕ್ಕೆ ಬರ್ತೀನಿ. ಇವತ್ತಿಗೆ ಶ್ರಾವಣ, ರಾಗಿ ತೆಂಡೆ (ಬುಡದಿಂದ ಒಡೆಯೋ ಕವಲು) ಹೊಡೀತಿದೆ. ಮಂದೆ ಮಲಗಿದ 24 ಗುಂಟೇಲಿ ಬುಡಕ್ಕೆ ಆರೇಳು ತೆಂಡೆ, ಎಲೆ ಕಡು ಹಸಿರು, ಅದರಾಚೆ ಮೂರ್ನಾಲ್ಕೇ. ಎಲ್ಲಿ ಬಲೆ ಇತ್ತು ಅಂತ ಬದುವಿನ ಮೇಲೆ ನಿಂತು ಬೆರಳು ತೋರಿಸಬೋದು, ಅಷ್ಟು ಸ್ಪಷ್ಟ. ಯೂರಿಯಾ ಹಾಕಿಲ್ಲ. ನಾಲ್ಕು ರಾತ್ರಿಯ ಸಾರಜನಕ ಸರಿಸುಮಾರು 45 ಕೆಜಿಯ ಒಂದು ಯೂರಿಯಾ ಚೀಲದ್ದು, ಚೀಲ 266 ರೂಪಾಯಿ ಚಿಲ್ಲರೆ, ನಾನು ಕೊಟ್ಟಿದ್ದು 2,400. ಬರೀ ಸಾರಜನಕ ಅಂತ ನೋಡಿದ್ರೆ ನಷ್ಟವೇ. ಆದ್ರೆ ಚೀಲದಲ್ಲಿ ಹಿಕ್ಕೆ ಬರಲ್ಲ, ರಂಜಕ ಪೊಟ್ಯಾಷ್ ಬರಲ್ಲ, ಸಬ್ಸಿಡಿ ತೆಗೆದ್ರೆ ಆ ರೇಟಿಗೂ ಬರಲ್ಲ, ಯೂರಿಯಾ ಫ್ಯಾಕ್ಟರೀಲಿ ಉರಿಯೋ ಗ್ಯಾಸು ಚೀಲದ ಮೇಲೆ ಬರೆದಿರಲ್ಲ. ಹಿಕ್ಕೆ ನಿಧಾನಕ್ಕೆ ಕರಗುತ್ತೆ, ಮುಂದಿನ ವರ್ಷದ ಶೇಂಗಾಗೂ ಉಳಿಯುತ್ತೆ.

ಮೇಲಿನ ಬೀಳಿಗೆ ಹೋದ್ರೆ ಆ ಆರು ಗುಂಟೆ ದೂರದಿಂದಲೇ ಕಾಣುತ್ತೆ. ನಡುವೆ ಹುಲ್ಲು ಸುಟ್ಟು ಬೋಳು, ಅಂಚಲ್ಲಿ ಮಾತ್ರ ಮೊಣಕಾಲುದ್ದ ಕರಿ ಹಸಿರು. ಬೋಳು ಜಾಗದಲ್ಲಿ ಬಳ್ಳಾರಿ ಜಾಲಿ ಸಸಿ. ಕುರಿ ದಾರೀಲಿ ಅದರ ಕಾಯಿ ತಿಂದು ಬಂದಿರುತ್ತೆ, ಬೀಜ ಹಿಕ್ಕೆಲಿ ಬೀಳುತ್ತೆ. ಒಂದೇ ಗುಂಟೇಲಿ ಎಣಿಸಿದೆ, 43. ಕಿತ್ತು ಹಾಕಿದ್ದೀನಿ, ಇನ್ನೂ ಹುಟ್ಟುತ್ವೆ. ಮೊನ್ನೆ ಮತ್ತೆ ಅದೇ ಪೈಪ್ ಬಡಿದು ನೀರು ಹಾಕಿದೆ, ಹತ್ತೊಂಬತ್ತು ನಿಮಿಷ. ಇಪ್ಪತ್ತಾರಿಂದ ಇಳಿದಿದೆ, ಹುಲ್ಲಿನ ಬೇರು, ಎರೆಹುಳು ಸೇರಿ ನಿಧಾನಕ್ಕೆ ಬಿಡಿಸ್ತಿವೆ.

ರೇಟಿಂಗ್ ಅಂತ ಕೇಳಿದ್ರೆ ರಾಗಿ ಹೊಲಕ್ಕೆ ಐದಕ್ಕೆ ಐದು. ಹುಲ್ಲು ಬೀಳಲ್ಲಿ ಮಲಗಿಸಿದ್ದಕ್ಕೆ ಐದಕ್ಕೆ ಒಂದೂವರೆ, ಅದರಲ್ಲಿ ಅರ್ಧ ತಪ್ಪು ನನ್ನದು. ಜನ ಒಳ್ಳೆಯವರು, ಒಂದು ಗಿಡ ಮುರಿದಿಲ್ಲ, ಪಕ್ಕದ ಹೊಲಕ್ಕೆ ಒಂದು ಕುರಿ ಬಿಟ್ಟಿಲ್ಲ, ಹೋಗೋವಾಗ ಬೋರ್‌ವೆಲ್ ಹತ್ರ ಕಸ ಗುಡಿಸಿ ಹೋದ್ರು.

ಹಾಕ್ಸೋರು ನೆಲ ಒಣಗಿರೋ ಮಾರ್ಚ್ ತಿಂಗಳಲ್ಲೇ ಹಾಕ್ಸಿ, ಉಳೋ ಹೊಲಕ್ಕೇ ಹಾಕ್ಸಿ, ಒಂದು ಜಾಗಕ್ಕೆ ಒಂದೇ ರಾತ್ರಿ, ಬೆಳಗ್ಗೆ ಕುಂಟೆ. ಬೀಳಿದ್ರೆ ಹಗಲು ಮೇಯೋಕೆ ಬಿಡಿ, ಮೇಯ್ಕೊಂಡು ಮುಂದೆ ಹೋಗ್ತಿರಲಿ, ರಾತ್ರಿ ಕೂಡಿಹಾಕಬೇಡಿ. ಮಳೆ ಬಂದ್ರೆ ಎಲ್ಲಿಗೆ ಅನ್ನೋದನ್ನ ದುಡ್ಡು ಮಾತಾಡೋವಾಗಲೇ ಮಾತಾಡಿ. ನಾನು ಬೀಳಿನ ಅಂಚಲ್ಲಿ ಕಲ್ಲುಬಂಡೆ ಇರೋ ಒಂದು ಎತ್ತರದ ಜಾಗ ಗುರುತು ಮಾಡಿ, ಎರಡು ಲೋಡ್ ಒಣ ಶೇಂಗಾ ಸೊಪ್ಪು, ತರಗು ಅಲ್ಲಿ ಹಾಸೋಕೆ ಅಂತ ಈಗಲೇ ತೆಗೆದಿಟ್ಟಿದ್ದೀನಿ, ಮಳೆ ರಾತ್ರಿ ಅಲ್ಲಿ ಮಲಗಿದ್ರೆ ಗಂಜಲವನ್ನ ಆ ಹಾಸೇ ಹೀರ್ಕೊಳ್ಳುತ್ತೆ, ಮಾರನೇ ದಿನ ಕೆರೆದು ತಿಪ್ಪೆಗೆ ಹಾಕಬೋದು. ಯಜಮಾನ್ರಿಗೆ ಫೋನ್ ಮಾಡಿ ಹೇಳಿದೆ, ಮರಿ ಹಾಕಿದ ಕುರಿಗೂ ಬೆಚ್ಚಗಿರುತ್ತೆ ಬಿಡಿ ಮೇಷ್ಟ್ರೆ ಅಂದ್ರು. ಮುಂದಿನ ವರ್ಷ ಶಿವರಾತ್ರಿ ಆದ ಮೇಲೆ ಬರ್ತಾರೆ, ಐದು ರಾತ್ರಿಗೆ ಮಾತಾಗಿದೆ, ಐನೂರು ಅಡ್ವಾನ್ಸ್ ಕೊಟ್ಟಿದ್ದೀನಿ.